ರಸೀದಿ ಅಜ್ಜನ ಉದ್ದನೆ ಪ್ರಾರ್ಥನೆ

ಕೇಳಿದರೆ ಹುಚ್ಚ ಅಂದುಕೊಂಡಾರೆ? ಕೇಳದೆ ಹೋದರೆ? ಅಚ್ಚುಕೂಟದಲ್ಲಿ ಕರಡು ತಿದ್ದುವ ಆತ ಬೆಳಗಿನಿಂದ ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದುತ್ತಿದ್ದ. ಪರರ ಪುಟಗಳನ್ನೆಲ್ಲ ನೇರ ಮಾಡುವವನಿಗೆ ತನ್ನದೇ ಒಂದು ಮಾತು ನೆಟ್ಟಗಾಗುತ್ತಿರಲಿಲ್ಲ.

ಅವನು ತಿಂಗಳು ತಿಂಗಳು ಚೂರುಪಾರು ಹಣ ಕೊಡುತ್ತಿದ್ದ ಕ್ರೈಸ್ತ ಅನಾಥಾಲಯದ ಹೊಸ ಕಾರ್ಯದರ್ಶಿ ಫೋನು ಮಾಡಿದ್ದರು. "ದಾನಿಗಳ ಜೊತೆ ನಾವು ನಡ್ಕೊಳ್ಳೋ ರೀತೀನೇ ಬದಲಾಗ್ಬೇಕು. ಇವತ್ತು ಮನೆಗೆ ಬರ್ತೀನಿ, ನಿಮಗೇನು ಬೇಕು ಹೇಳಿ."

ಬೇಕಾದದ್ದು ಇಷ್ಟೆ: ಹಣ ಪಡೆದು ರಸೀದಿ ಹರಿದುಕೊಡಲು ತಿಂಗಳಿಗೊಮ್ಮೆ ಬರುವ ರಸೀದಿ ಅಜ್ಜ ಇನ್ನು ಎರಡು ಸಲ ಬರಬೇಕು. ಅಜ್ಜನ ಪ್ರಾರ್ಥನೆ ಗೂಡ್ಸ್ ಗಾಡಿಯಷ್ಟು ಉದ್ದ. ಅದರ ಕೊನೆಯ ಡಬ್ಬಿಯಲ್ಲಿ, "ಸ್ವಾಮೀ, ಈ ತಮ್ಮನ ಬೆನ್ನು ನೋಯ್ತಿದೆ, ನೋಡ್ಕೋ" ಎಂದು ಇವನ ಸುದ್ದಿ ಬರುತ್ತಿತ್ತು. ಇವನ ಸುದ್ದಿ ಎತ್ತುವವರು ಬೇರೆಲ್ಲೂ ಇರಲಿಲ್ಲ.

ಬರುವವರಿಗೆಂದು ಕೆಳಗಿನ ಕ್ಷೌರದಂಗಡಿಯಲ್ಲಿ ಕುರ್ಚಿ ಎರವಲು ಕೇಳಿದ್ದೇ ತಪ್ಪಾಯಿತು. ಅಂಗಡಿಯವನು ಕುರ್ಚಿಯ ಜೊತೆ ಕತ್ತಿಯನ್ನೂ ಹಿಡಿದು ಮೇಲೆ ಬಂದ.

"ಖುದ್ದು ಬರ್ತಾರೆ ಅಂದ್ರೆ ದೊಡ್ಡ ಮೊತ್ತಕ್ಕೇ ಗಾಳ ಸಾರ್! ನೀವೋ ಬಾಯಿಲ್ಲದೋರು. ನಾನು ಪಕ್ಕದಲ್ಲಿರ್ತೀನಿ."

"ಹಾಗೇನಿಲ್ಲ..."

"ಮಾತಾಡ್ಬೇಡಿ, ಕೆನ್ನೆ ಕುಯ್ಯುತ್ತೆ."

ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಎದುರುಮನೆ ಅಕ್ಕ ಗಂಡನ ಕೋಟು ತಂದು ತೊಡಿಸಿದಳು. ಅದರೊಳಗೆ ಇನ್ನೊಬ್ಬ ಬಾಡಿಗೆಗೆ ಇರಬಹುದಿತ್ತು. "ಈಗ ದಾನಿ ಥರ ಕಾಣ್ತೀಯಪ್ಪ," ಎಂದು ಅವಳು ಹೆಮ್ಮೆಪಟ್ಟಳು.

ಬಾಗಿಲಲ್ಲಿ ಕಾರ್ಯದರ್ಶಿ ನಿಂತಿದ್ದರು. ಅವರ ಹಿಂದೆ ರಸೀದಿ ಅಜ್ಜ.

"ಸಂಕೋಚ ಬೇಡ, ಹೇಳಿ."

ಇವನು ಬಾಯಿ ತೆರೆದ. ಇನ್ನೊಂದು ಕೆನ್ನೆಯ ನೊರೆ ಒಳಗೆ ಹೋಗಿ ಕೆಮ್ಮು ಹತ್ತಿತು.

"ನಾನ್ ಹೇಳ್ತೀನಿ ಮೇಡಂ," ಎಂದ ಕ್ಷೌರದವನು. "ಈ ಅಜ್ಜ ಕೂತ್ರೆ ಏಳಲ್ಲ. ಇವ್ರ ಪ್ರಾರ್ಥನೆ ಮುಗಿಯೋದ್ರೊಳಗೆ ನಾನು ಎರಡು ತಲೆ ಮುಗಿಸ್ತೀನಿ. ಪಾಪ, ಸಾರ್ ದಾಕ್ಷಿಣ್ಯಕ್ಕೆ ಸಹಿಸ್ಕೊಂಡಿದ್ದಾರೆ!"

"ಹೌದೇನು ತಮ್ಮಾ?" ಅಜ್ಜ ಕೇಳಿದ.

ಇವನು ಅಲ್ಲವೆಂದು ತಲೆಯಾಡಿಸಿದ. ಕೆಮ್ಮಿನ ಕುಲುಕಾಟದಲ್ಲಿ ಅದು ಹೌದಾಗಿಯೇ ಕಂಡಿತು.

"ಕ್ಷಮಿಸಿ," ಎಂದರು ಕಾರ್ಯದರ್ಶಿ. "ಇನ್ಮೇಲೆ ನಿಮಗೆ ಯಾರ ಕಾಟಾನೂ ಇರಲ್ಲ. ಹಣ ಬ್ಯಾಂಕಿಂದ ತಾನಾಗೇ ಬರೋ ಹಾಗೆ ಮಾಡ್ತೀವಿ. ಇಷ್ಟು ಮನಸ್ಸು ಬಿಚ್ಚಿ ಯಾರೂ ಹೇಳಿರಲಿಲ್ಲ!"

"ದೇವರು ಒಳ್ಳೇದು ಮಾಡ್ಲಿ," ಎಂದ ಅಜ್ಜ. ಅವನ ಆಯುಷ್ಯದಲ್ಲೇ ಅತಿ ಚಿಕ್ಕ ಪ್ರಾರ್ಥನೆ ಅದು. ಎಲ್ಲರೂ ಇಳಿದುಹೋದರು.

ತುಸು ಹೊತ್ತಿನ ಮೇಲೆ ಇವನು ಉಳಿದ ಕೆನ್ನೆ ಮುಗಿಸಿಕೊಳ್ಳಲು ಕೆಳಗೆ ಬಂದ. ಅಂಗಡಿಯ ಬೆಂಚಿನಲ್ಲಿ ಅಜ್ಜ ಆರಾಮಾಗಿ ಕೂತು, ಕಣ್ಣು ಮುಚ್ಚಿ, ಕ್ಷೌರದವನ ಮಗಳ ಪರೀಕ್ಷೆ, ಹೆಂಡತಿಯ ಮೊಣಕಾಲು, ಮೊಂಡು ಕತ್ತರಿ ಎಲ್ಲವನ್ನೂ ದೇವರಿಗೆ ಒಂದೊಂದಾಗಿ ಒಪ್ಪಿಸುತ್ತಿದ್ದ.

ಕ್ಷೌರದವನು ಒಂದೇ ಕಣ್ಣು ತೆರೆದು ಪಿಸುಗುಟ್ಟಿದ: "ನಾನೂ ಕೊಡ್ತೀನಿ ಅಂದೆ ಸಾರ್. ತಿಂಗಳಿಗೆರಡು ಸಲ ಬರೋಕೆ ಹೇಳಿದೀನಿ. ಗಿರಾಕಿ ಇಲ್ದಾಗ ಮಾತಿಗೆ ಯಾರಾದ್ರೂ ಬೇಕಲ್ಲ!"

ಇವನು ಬೆಂಚಿನ ತುದಿಯಲ್ಲಿ ಕೂತು, ಕೊನೆಯ ಡಬ್ಬಿಯಲ್ಲಿ ತನ್ನ ಬೆನ್ನೂ ಬಂದೀತೇನೋ ಎಂದು ಕಣ್ಣು ಮುಚ್ಚಿದ.