ಎಲ್ಲರನ್ನೂ ಅನುಮಾನಿಸುವ ನಮ್ಮ ಭಾವ

ಯಾರಾದರೂ ‘ಗುಡ್ ಮಾರ್ನಿಂಗ್’ ಅಂದರೆ ನಮ್ಮ ಭಾವ ಮೊದಲು ಗಡಿಯಾರ ನೋಡಿಕೊಳ್ಳುತ್ತಾರೆ. ಹೌದು, ಬೆಳಗ್ಗೆಯೇ ಎಂದು ಖಾತ್ರಿಯಾದ ಮೇಲೆ ಮರಳಿ ‘ಗುಡ್ ಮಾರ್ನಿಂಗ್’ ಹೇಳುತ್ತಾರೆ. ಅಷ್ಟರಲ್ಲಿ ಎದುರಿಗೆ ಬಂದವರು ಬೀದಿ ದಾಟಿ ಹೋಗಿರುತ್ತಾರೆ!

ಭಾವ ಅಂದರೆ ನಮ್ಮ ಅಕ್ಕನ ಗಂಡ. ನೋಡಲು ಪರಮ ಸಾಧು. ಆದರೆ ಹೊಸದುರ್ಗದ ಸಂತೆಯಲ್ಲಿ ಅವರ ಜೊತೆ ತೆಂಗಿನಕಾಯಿ ಕೊಳ್ಳಲು ಹೋಗಿ ನೋಡಿ. ಒಂದೊಂದು ಕಾಯಿಯನ್ನೂ ಬಲಗಿವಿಗೆ ಹಿಡಿದು ಅಲ್ಲಾಡಿಸುತ್ತಾರೆ. ಆಮೇಲೆ ಎಡಗಿವಿಗೆ. ಒಂದೇ ಕಿವಿಯನ್ನು ನಂಬುವುದು ಹೇಗೆ? ಒಮ್ಮೆ ಕಾಯಿ ಮಾರುವಾಕೆ ಸಹನೆ ಕಳೆದುಕೊಂಡು, “ಕಾಯಿ ಏನಾರ ಗುಟ್ಟು ಹೇಳ್ತಾ ಐತೇನ್ರಿ? ನಮಗೂ ಒಸಿ ಹೇಳ್ರಿ” ಅಂದಳು. ಭಾವ ಗಂಭೀರವಾಗಿ, “ಇನ್ನೂ ಹೇಳಿಲ್ಲ ಕಣಮ್ಮ” ಅಂದರು.

ಅಕ್ಕನನ್ನು ನೋಡಲು ಬಂದ ದಿನದ ಕತೆಯೂ ಇಂಥದ್ದೇ. ನಮ್ಮಮ್ಮ ತಟ್ಟೆ ಮುಂದಿಟ್ಟು, “ಉಪ್ಪಿಟ್ಟು ಹುಡುಗೀನೇ ಮಾಡಿದ್ದು” ಅಂದರು. ಎಲ್ಲ ಅಮ್ಮಂದಿರೂ ಹೇಳುವ ಮಾತು. ಯಾವ ಗಂಡೂ ತಲೆ ಕೆಡಿಸಿಕೊಳ್ಳುವುದಿಲ್ಲ. ಈ ಮಹಾಶಯರು ಮಾತ್ರ ಕೆಲವು ದಿನ ಬಿಟ್ಟು, ಹೇಳದೆ ಕೇಳದೆ, ಹಿತ್ತಲ ಬಾಗಿಲಿನಿಂದ ಒಬ್ಬರೇ ಪ್ರತ್ಯಕ್ಷರಾದರು! ಅಕ್ಕ ಒಲೆಯ ಮುಂದೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಳು. ತಿರುಗಿ ನೋಡಿದವಳು ಗಾಬರಿಯಾಗಲಿಲ್ಲ. ಸೌಟನ್ನು ಅವರ ಕೈಗೆ ಕೊಟ್ಟು, “ಅನುಮಾನ ಇದ್ರೆ ನೀವೇ ತಿರುವ್ರಿ” ಅಂದಳು. ಭಾವ ತಿರುವಿದರು. ತಳ ಹತ್ತಿತು. ಮದುವೆ ನಿಶ್ಚಯವಾಯಿತು!

ಇಂಥ ಮನುಷ್ಯ ಬೇರೆ ಯಾವ ಕೆಲಸಕ್ಕೆ ಸೇರಿದ್ದರೂ ಜನ ಓಡಿಸಿಬಿಡುತ್ತಿದ್ದರು. ಪುಣ್ಯಕ್ಕೆ ಅವರು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಸಾಫ್ಟ್‌ವೇರ್ ಬರೆಯುತ್ತಾರೆ. ಅಲ್ಲಿ ಅನುಮಾನಕ್ಕೆ ಮರ್ಯಾದೆ ಉಂಟು. ಚಿತ್ರದುರ್ಗದಲ್ಲಿ ಒಂದು ಹೊಲಿಗೆ ಅಂಗಡಿಯ ಮೇಲಿನ ಕೋಣೆಯೇ ನಮ್ಮ ಆಫೀಸು. ಅವರು ಯಜಮಾನರು, ನಾನು ನೌಕರಳು. ಕೆಳಗೆ ಹೊಲಿಗೆ ಯಂತ್ರ ಟಕಟಕ ಅಂದಾಗಲೆಲ್ಲ, “ಪುಟ್ಟೀ, ನಿನ್ನ ಕೀಬೋರ್ಡ್ ಶಬ್ದ ಯಾಕೋ ಸರಿಯಿಲ್ಲ” ಅನ್ನುತ್ತಿದ್ದರು.

ನಮಗೆ ಕೆಲಸ ಕೊಟ್ಟದ್ದು ಕುರಿ ಸಾಕುವವರ ಒಂದು ಸಂಘ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ಕಡೆ ಅವರ ಔಷಧಿ ಮಳಿಗೆಗಳಿದ್ದವು. ಲೆಕ್ಕ ಇಡುವ ರೀತಿ ಮಾತ್ರ ಊರಿಗೊಂದು. ಒಂದು ಕಡೆ ಹಳೇ ಡೇಟಾಬೇಸ್, ಇನ್ನೊಂದು ಕಡೆ ಎಕ್ಸೆಲ್, ಮತ್ತೊಂದು ಕಡೆ ಯಾರೋ ಪುಣ್ಯಾತ್ಮ ಅರ್ಧ ಬರೆದು ಬಿಟ್ಟುಹೋದ ವೆಬ್‌ಸೈಟ್. ಇವೆಲ್ಲವನ್ನೂ ಬೆಸೆದು, ಒಂದು ಪ್ರಶ್ನೆ ಕೇಳಿದರೆ ನಾಲ್ಕೂ ಊರು ವಿಚಾರಿಸಿ ಒಂದೇ ಉತ್ತರ ತರುವ ಜಾವಾ ಅಪ್ಲಿಕೇಶನ್ ನಾವು ಬರೆಯಬೇಕಿತ್ತು. ಅಕ್ಕನಿಗೆ ಇದನ್ನು ವಿವರಿಸಿದಾಗ, “ಓಹೋ, ನಾಲ್ಕೂರಿನ ಚಾಡಿ ಒಂದೇ ಬಾಯಲ್ಲಿ ಕೇಳೋದು” ಅಂದಳು. ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಭಾವ ನಾಲ್ಕೂ ಊರನ್ನು ಸಮನಾಗಿ ಅನುಮಾನಿಸಿದರು. ಹಿರಿಯೂರಿನ ದಾಖಲೆಯಲ್ಲಿ ಆದಿವಾಲದ ಈರಣ್ಣ ಎಂದಿತ್ತು. ಹೊಳಲ್ಕೆರೆಯಲ್ಲಿ ಅದೇ ಫೋನ್ ನಂಬರಿಗೆ ವೀರಣ್ಣ ಎಂದಿತ್ತು. “ಇದ್ರಲ್ಲಿ ಏನೋ ಐತೆ. ನಡಿ, ಹೋಗಾಣ” ಎಂದು ನನ್ನನ್ನು ಬೈಕ್ ಹತ್ತಿಸಿಕೊಂಡು ಆದಿವಾಲಕ್ಕೇ ಹೊರಟರು. ಫೋನ್ ಮಾಡಿದ್ದರೆ ಸಾಲದೇ? ಫೋನಿನಲ್ಲಿ ಮುಖ ಕಾಣುವುದಿಲ್ಲವಂತೆ!

ಹೊಲದ ಬದುವಿನಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರು ಸಿಕ್ಕರು. “ನೀವು ಈರಣ್ಣನೋ ವೀರಣ್ಣನೋ?” ಭಾವನ ದನಿ ಪೊಲೀಸರದ್ದೇ.

“ಊರಾಗೆ ಈರಣ್ಣ, ಇಸ್ಕೂಲ್‌ನಾಗೆ ವೀರಣ್ಣ. ಕುರಿಗೆ ಎರಡೂ ಗೊತ್ತಿಲ್ಲ ಬಿಡ್ರಿ, ಸಿಳ್ಳೆ ಹಾಕಿದ್ರೆ ಬರ್ತವೆ.”

ವಾಪಸು ಬರುವಾಗ ಭಾವ ಅರ್ಧ ದಾರಿಯಲ್ಲಿ ಬೈಕ್ ನಿಲ್ಲಿಸಿದರು. ಹಿಂದೆ ತಿರುಗಿ, “ಸಿಳ್ಳೆ ಹಾಕಿಸಿ ನೋಡ್ಬೇಕಿತ್ತು ಪುಟ್ಟಿ” ಅಂದರು.

ಅಂತೂ ಅಪ್ಲಿಕೇಶನ್ ಶುರುವಾಯಿತು. ಕೆಲವು ವಾರ ಎಲ್ಲವೂ ಸುಸೂತ್ರ. ಅದೇ ಭಾವನಿಗೆ ದೊಡ್ಡ ಅನುಮಾನ! ಒಂದು ಬೆಳಗ್ಗೆ ಚಿತ್ರದುರ್ಗದ ಮಳಿಗೆಯ ಗುಮಾಸ್ತರು ಫೋನ್ ಮಾಡಿದರು. “ಏನ್ರಿ ನಿಮ್ಮ ಯಂತ್ರ! ತುರುವನೂರಿನ ಅಜ್ಜಿ ಒಬ್ರು ನಿನ್ನೆ ಬಂದಿದ್ರು, ಕುರಿಗೆ ಕಾಯ್ಲೆ ಅಂತ. ಡಾಕ್ಟ್ರು ಬರ್ಕೊಟ್ಟ ಇಂಜೆಕ್ಷನ್ ನಾಲ್ಕೂ ಊರಲ್ಲಿ ಇಲ್ಲ ಅಂತು. ಬರಿಗೈಲಿ ಕಳಿಸ್ದೆ. ಇವತ್ತು ನೋಡಿದ್ರೆ ಹೊಳಲ್ಕೆರೇಲಿ ಬೇಕಾದಷ್ಟು ಐತೆ ಅಂತಾ ಐತೆ!”

ಭಾವನ ಕಣ್ಣು ಮಿಂಚಿತು. “ಹೊಳಲ್ಕೆರೆಯವರು ಬಚ್ಚಿಟ್ಟಿದ್ರು. ನಾನು ಮೊದಲಿಂದ ಹೇಳ್ತಿರಲಿಲ್ವಾ?” ಲ್ಯಾಪ್‌ಟಾಪ್ ಬೆನ್ನಿಗೇರಿಸಿ, ಕಳ್ಳನನ್ನು ಹಿಡಿಯುವ ಹುಮ್ಮಸ್ಸಿನಲ್ಲಿ ಬೈಕ್ ಓಡಿಸಿದರು. ಹಿಂದೆ ಕೂತಿದ್ದ ನಾನು ಕಳ್ಳ ಸಿಗದಿದ್ದರೆ ಸಾಕೆಂದು ಬೇಡಿಕೊಂಡೆ.

ಹೊಳಲ್ಕೆರೆ ಮಳಿಗೆಯವರು ಪಾಪ, ಕಪಾಟಿನ ಬಾಗಿಲು ತೆಗೆದು ತೋರಿಸಿದರು. ಇಂಜೆಕ್ಷನ್ ಪೆಟ್ಟಿಗೆಗಳು ಧೂಳು ಹಿಡಿದು ಕೂತಿದ್ದವು. “ತಿಂಗಳಿಂದ ಇಲ್ಲೇ ಅವೆ. ಕುಂತ್ಕಳ್ರಿ, ಟೀ ತರಿಸ್ತೀನಿ.”

“ಮತ್ತೆ ನಿನ್ನೆ ಇಲ್ಲ ಅಂತ ಯಾಕೆ ಹೇಳಿದ್ರಿ?”

“ನಾವೆಲ್ಲಿ ಹೇಳಿದ್ವಿ? ನಿನ್ನೆ ಇಡೀ ದಿನ ಕರೆಂಟ್ ಇರ್ಲಿಲ್ಲ. ಕಂಪ್ಯೂಟರ್ರೇ ಆಫ್ ಆಗಿತ್ತು.”

ಭಾವ ಅಲ್ಲೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದರು. ಕೋಡ್ ಹುಡುಕುತ್ತಾ ಹೋದರು. ಸಿಕ್ಕಿತು. ಯಾವುದಾದರೂ ಊರಿನಿಂದ ಉತ್ತರವೇ ಬರದಿದ್ದರೆ ಏನು ಮಾಡಬೇಕು ಎಂಬ ಕಡೆ, ಖಾಲಿ ಪಟ್ಟಿ ಕೊಟ್ಟುಬಿಡು ಎಂದು ಒಂದು ಸಾಲು. ‘ಗೊತ್ತಿಲ್ಲ’ ಅನ್ನಬೇಕಾದ ಯಂತ್ರ ಅದರಿಂದಾಗಿ ‘ಇಲ್ಲ’ ಅಂದಿತ್ತು.

“ಯಾರಮ್ಮ ಇದ್ನ ಬರ್ದಿದ್ದು?” ನನ್ನನ್ನೇ ದುರುಗುಟ್ಟಿ ನೋಡಿದರು. ನಾನೇ ಇರಬೇಕು ಅಂದುಕೊಂಡೆ. ಯಾವ ಸಾಲು ಯಾರು ಬರೆದದ್ದು ಎಂಬುದು ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ಭಾವ ಅದನ್ನು ತೆರೆದರು. ಆ ಸಾಲಿನ ಪಕ್ಕದಲ್ಲಿ ಅವರದೇ ಹೆಸರಿತ್ತು.

ಜಗತ್ತಿನಲ್ಲಿ ಅವರು ಅನುಮಾನಿಸದೆ ಬಿಟ್ಟಿದ್ದು ಒಬ್ಬರನ್ನೇ!

ನಗಬೇಕೆಂದುಕೊಂಡೆ. ಅವರ ಮುಖ ನೋಡಿ ಆಗಲಿಲ್ಲ. ಟೀ ಮುಟ್ಟಲಿಲ್ಲ. ಇಂಜೆಕ್ಷನ್ ಪೆಟ್ಟಿಗೆ ಎದೆಗವಚಿಕೊಂಡು, “ಪುಟ್ಟೀ, ಬರ್ಕೊಟ್ಟ ಡಾಕ್ಟ್ರಿಗೆ ಫೋನ್ ಮಾಡು, ಸೀದಾ ತುರುವನೂರಿಗೆ ಬರ್ಲಿ” ಅಂದರು.

ಅಜ್ಜಿಯ ರೊಪ್ಪ, ಅಂದರೆ ಕುರಿದೊಡ್ಡಿ, ಊರಾಚೆ ಇತ್ತು. ಡಾಕ್ಟರು ಒಂದೊಂದಾಗಿ ಕುರಿಗಳಿಗೆ ಸೂಜಿ ಚುಚ್ಚಿದರು. ಬಹುಪಾಲು ಉಳಿಯುತ್ತವೆ ಅಂದರು. ಆದರೆ ಬೇಲಿಯ ಹತ್ತಿರ ಒಂದು ತಾಯಿಕುರಿ ಗೋಣಿಚೀಲದ ಕೆಳಗೆ ಮಲಗಿತ್ತು. ಬೆಳಗಿನ ಜಾವವೇ ಪ್ರಾಣ ಹೋಗಿತ್ತಂತೆ.

ಕೆಲಸ ಮುಗಿದು ಡಾಕ್ಟರು ಹೊರಟರು. ಅಜ್ಜಿ ಭಾವನ ಕಡೆ ನೋಡಿ, “ಔಸ್ದಿ ತಂದ್ಕೊಟ್ಟೆ, ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪ” ಅಂದಳು. ಭಾವ ಸುಮ್ಮನೆ ಆ ಮಾತು ತೆಗೆದುಕೊಂಡು ಬರಬಹುದಿತ್ತು. ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ.

“ಇಲ್ಲವ್ವ. ನಿನ್ನೇನೇ ಸಿಗಬೇಕಿತ್ತು ಔಷಧಿ. ಇಲ್ಲ ಅಂತ ಹೇಳಿದ್ದು ನಾನು ಬರೆದ ಯಂತ್ರ. ತಪ್ಪು ನಂದು. ನಿನ್ನ ಕುರಿ ಹೋಗಿದ್ದು ನನ್ನಿಂದ.”

ಅಜ್ಜಿ ಗೋಣಿಚೀಲದ ಕಡೆ ನೋಡಿದಳು, ಭಾವನ ಕಡೆ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಭಾವನಿಗೂ ಹಗುರಾಗುತ್ತಿತ್ತೇನೋ. ಅವಳು ಎದ್ದು ರೊಪ್ಪದೊಳಗೆ ಹೋಗಿ, ಅರಚುತ್ತಿದ್ದ ಒಂದು ಪುಟ್ಟ ಮರಿಯನ್ನು ಎತ್ತಿ ತಂದು ಭಾವನ ಮಡಿಲಿಗೆ ಹಾಕಿದಳು.

“ಅದ್ರದ್ದೇ ಮರಿ. ಹಾಲು ಕಾಸ್ಕೊಂಡ್ ಬತ್ತೀನಿ, ಅಲ್ಲೀತಂಕ ಹಿಡ್ಕ.”

ಮರಿ ಒಂದು ಕ್ಷಣ ಒದ್ದಾಡಿತು. ಆಮೇಲೆ ಮೂಸಿ ಮೂಸಿ ಭಾವನ ಬೆರಳು ಹುಡುಕಿಕೊಂಡು, ಕಣ್ಣು ಮುಚ್ಚಿ ಚೀಪತೊಡಗಿತು. ಭಾವ ಅಲುಗಾಡದೆ ಕೂತಿದ್ದರು. ಕನ್ನಡಕದ ಹಿಂದೆ ಕಣ್ಣು ತುಂಬಿತ್ತು.

“ಬಿಡ್ತಾ ಇಲ್ಲ ಕಣೇ ಪುಟ್ಟಿ,” ಅಂದರು ಮೆಲ್ಲಗೆ.

“ಬಿಡಿಸ್ಕಬೇಡ್ರಿ ಭಾವ,” ಅಂದೆ.