ಹದಿನೆಂಟು ಸಾವಿರ ಕಾಳು ತಿಂದ ಗುಬ್ಬಿಗೆ

ತೆರಕಣಾಂಬಿ, ಗುಂಡ್ಲುಪೇಟೆ ತಾಲ್ಲೂಕು
11 ಆಗಸ್ಟ್ 2008

ಶ್ರೀಯುತ ನೋ-ರಿಪ್ಲೈ ಅವರಿಗೆ,
ಹ್ಯಾಪಿಗುಬ್ಬಿ ಡಾಟ್ ಕಾಮ್,
(ಊರು, ಬೀದಿ, ಪಿನ್‌ಕೋಡ್ ತಮಗೊಬ್ಬರಿಗೇ ಗೊತ್ತು)

ಮಾನ್ಯರೇ,

ತೆರಕಣಾಂಬಿಯ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆಯುವ ಸುಧಾಮಣಿ ಎಂಬ ನಾನು ತಮಗೂ, ತಮ್ಮ ಕಂಪ್ಯೂಟರಿಗೂ, ಅದರ ತೆರೆಯ ಮೂಲೆಯಲ್ಲಿ ಕೂತು ಬಿಡುವಿಲ್ಲದೆ ಕಾಳು ಕುಕ್ಕುವ ಆ ಹಳದಿ ಗುಬ್ಬಿಗೂ ಆಯುರಾರೋಗ್ಯ ಕೋರುತ್ತೇನೆ. ಇಲ್ಲಿ ದನಕರುಗಳು ಕ್ಷೇಮ, ಅರಿಸಿನದ ಪೈರು ಕ್ಷೇಮ, ತಮ್ಮಲ್ಲಿ ಹೆಸರು ನೋಂದಾಯಿಸಿದ ಹನ್ನೆರಡು ಹೆಂಗಸರ ಪೈಕಿ ಹನ್ನೊಂದು ಮಂದಿ ಕ್ಷೇಮ. ಹನ್ನೆರಡನೆಯವಳ ಸಲುವಾಗಿಯೇ ಈ ಪತ್ರ. ಇದಕ್ಕೆ ಮೊದಲು ಬರೆದ ನಾಲ್ಕು ಪತ್ರಗಳಿಗೂ ಈ ವಿಳಾಸಕ್ಕೆ ಉತ್ತರ ಬರೆಯಬೇಡಿ ಎಂಬ ಒಂದೇ ಉತ್ತರವನ್ನು ತಾವು ಕಣ್ಣು ಮಿಟುಕಿಸುವಷ್ಟರಲ್ಲಿ ದಯಪಾಲಿಸಿದ್ದೀರಿ. ನಮ್ಮ ತಾಲ್ಲೂಕಿನ ಯಾವ ಕಚೇರಿಯಲ್ಲೂ ನಾನು ಇಷ್ಟು ಚುರುಕಿನ ಅಧಿಕಾರಿಯನ್ನು ಕಂಡವಳಲ್ಲ. ಆದ್ದರಿಂದ ಐದನೆಯ ಪತ್ರವನ್ನು ಬಹಿರಂಗವಾಗಿ ಬರೆದು, ಒಂದು ಪ್ರತಿಯನ್ನು ಚಾಮರಾಜನಗರದ ವಾರಪತ್ರಿಕೆಗೂ ಇನ್ನೊಂದನ್ನು ಗಿರೀಶನ ಅಂಗಡಿಯ ಗೋಡೆಗೂ ಅರ್ಪಿಸುತ್ತಿದ್ದೇನೆ.

ಗಿರೀಶ ಯಾರೆಂದು ತಮಗೆ ತಿಳಿಯಬೇಕಲ್ಲ. ಬಸ್ ಸ್ಟಾಂಡಿನ ಎದುರು ಜೆರಾಕ್ಸ್, ಎಸ್‌ಟಿಡಿ, ಇಂಟರ್‌ನೆಟ್ ಮೂರನ್ನೂ ಒಂದೇ ಬಾಗಿಲಲ್ಲಿ ನಡೆಸುವವನು ಅವನು. ಕಳೆದ ಯುಗಾದಿಯ ಹೊತ್ತಿಗೆ ರೇಷನ್ ಕಾರ್ಡ್ ಜೆರಾಕ್ಸ್ ಮಾಡಿಸಲು ಹೋದ ನನ್ನ ಕೈಗೆ 'ಹಣ ಉಳಿಸುವ ಉಪಯುಕ್ತ ವೆಬ್‌ಸೈಟುಗಳು' ಎಂಬ ಪಟ್ಟಿಯೊಂದನ್ನು ಪುಕ್ಕಟೆಯಾಗಿ ತುರುಕಿದ. ಮೊದಲನೆಯದು ಬೆಂಗಳೂರಿನಲ್ಲಿ ಒಂದು ಪಿಜ್ಜಾ ಕೊಂಡರೆ ಇನ್ನೊಂದನ್ನು ಉಚಿತವಾಗಿ ಕೊಡುವ ಕೂಪನ್ನಿನದು, ಬಸ್ ಚಾರ್ಜು ಮಾತ್ರ ನಮ್ಮದು. ಎರಡನೆಯದು ಹದಿಮೂರು ಅಂಗಡಿಗಳ ಫ್ರಿಜ್ಜಿನ ಬೆಲೆಯನ್ನು ಪಕ್ಕಪಕ್ಕ ಇಟ್ಟು ತೋರಿಸಿತು, ಆ ಹದಿಮೂರರಲ್ಲಿ ಒಂದಕ್ಕೂ ನಮ್ಮ ಪಿನ್‌ಕೋಡ್ ಗೊತ್ತಿರಲಿಲ್ಲ. ಮೂರನೆಯದರಲ್ಲಿ ಪುಕ್ಕಟೆ ಮೆಸೇಜು ಕಳಿಸಬಹುದಿತ್ತು. ಹೊಲದಲ್ಲಿದ್ದ ನಮ್ಮ ಯಜಮಾನರು ನೀಲಕಂಠಸ್ವಾಮಿಯವರಿಗೆ 'ಊಟ ರೆಡಿ' ಎಂದು ಕಳಿಸಿದೆ. ಹುಟ್ಟಿದಾಗಿನಿಂದ ಮೆಸೇಜು ಕಾಣದ ಮನುಷ್ಯ, ಯಾರಿಗೋ ಏನೋ ಆಗಿಹೋಯಿತೆಂದು ಎದ್ದೆನೋ ಬಿದ್ದೆನೋ ಎಂದು ಓಡಿಬಂದರು. ಅಷ್ಟು ಬಿಸಿಯಾದ ಮುದ್ದೆಯನ್ನು ಅವರು ಅದಕ್ಕೆ ಮೊದಲೂ ಉಂಡಿಲ್ಲ, ಆಮೇಲೂ ಉಂಡಿಲ್ಲ. ನಾಲ್ಕನೆಯದು ತಾವು.

ತಮ್ಮ ಯೋಜನೆಯ ಸರಳತೆಯನ್ನು ಎಷ್ಟು ಹೊಗಳಿದರೂ ಸಾಲದು. ಒಂದು ಜಾಹೀರಾತನ್ನು ಮೂವತ್ತು ಸೆಕೆಂಡು ನೋಡಬೇಕು, ಆಮೇಲೆ ಗುಂಡಿ ಒತ್ತಬೇಕು, ಆಗ ಗುಬ್ಬಿ ಒಂದು ಕಾಳು ಕುಕ್ಕುತ್ತದೆ, ಆ ಕಾಳು ನಮ್ಮ ಹೆಸರಿಗೆ ಜಮೆಯಾಗುತ್ತದೆ. ಒಬ್ಬರಿಗೆ ದಿನಕ್ಕೆ ಮೂವತ್ತೇ ಕಾಳು. ಬೇಕಾದರೆ ನಮ್ಮ ಕಾಳನ್ನು ಸ್ನೇಹಿತರಿಗೆ ಉಡುಗೊರೆಯಾಗಿ ಕೊಡಬಹುದೆಂದು ತಾವೇ ಕೆಂಪಕ್ಷರದಲ್ಲಿ ಬರೆದಿದ್ದಿರಿ. ಹದಿನೆಂಟು ಸಾವಿರ ಕಾಳಾದರೆ ಐದು ಲೀಟರಿನ ಪ್ರೆಶರ್ ಕುಕ್ಕರ್ ಮನೆ ಬಾಗಿಲಿಗೆ ಬರುತ್ತದೆ. ಒಬ್ಬಳೇ ಕೂತರೆ ಆರುನೂರು ದಿನ ಬೇಕೆಂದು ಗಿರೀಶ ಲೆಕ್ಕ ಹಾಕಿ ಹೇಳಿದ. ಅಷ್ಟರಲ್ಲಿ ನಮ್ಮ ಮನೆಯ ಬೇಳೆ ತಾನಾಗಿಯೇ ಬೆಂದಿರುತ್ತದೆ.

ಇಲ್ಲಿ ನಮ್ಮೂರಿನ ಒಂದು ಪದ್ಧತಿಯನ್ನು ತಮ್ಮ ಗಮನಕ್ಕೆ ತರುವ ಅಧಿಕಪ್ರಸಂಗ ಮಾಡುತ್ತಿದ್ದೇನೆ. ಅದಕ್ಕೆ ಮುಯ್ಯಾಳು ಎನ್ನುತ್ತಾರೆ. ಅರಿಸಿನದ ಹೊಲದಲ್ಲಿ ಕಳೆ ಎದ್ದಾಗ ಕೂಲಿಗೆ ಆಳು ಹುಡುಕುವವರು ಹುಡುಕಿಕೊಳ್ಳಲಿ, ನಾವು ಹನ್ನೆರಡು ಹೆಂಗಸರು ಮಾತ್ರ ಇವತ್ತು ನಿನ್ನ ಹೊಲಕ್ಕೆ ಎಲ್ಲರೂ, ನಾಳೆ ನನ್ನ ಹೊಲಕ್ಕೆ ಎಲ್ಲರೂ ಎಂದು ಸರದಿಯ ಮೇಲೆ ಇಳಿಯುತ್ತೇವೆ. ಯಾರೂ ಯಾರಿಗೂ ಕಾಸು ಕೊಡುವುದಿಲ್ಲ, ಕೆಲಸಕ್ಕೆ ಕೆಲಸ ತೀರಿಸುತ್ತೇವೆ. ಒಂದೊಂದು ಸಲ ಹೀಗೆ ಮೈಬಗ್ಗಿಸಿ ಕೊಟ್ಟ ಮುಯ್ಯಿ ಹಿಂದಿರುಗಲು ವರ್ಷವೇ ಹಿಡಿದರೂ ಯಾರೂ ಮರೆಯುವುದಿಲ್ಲ. ಈ ಸರದಿಗೆ ಯಜಮಾನಿ ಮಲ್ಲಿಗಮ್ಮ. ಸ್ಲೇಟು ಬಳಪ ಮುಟ್ಟಿದವಳಲ್ಲ, ಇರುವುದು ಅರ್ಧ ಎಕರೆ, ಆದರೆ ಇಪ್ಪತ್ತು ವರ್ಷದಿಂದ ಮೊದಲ ಸಾಲು ಹಿಡಿಯುವವಳು ಅವಳೇ. ಅವಳು ಕಳೆ ತೆಗೆದ ಸಾಲನ್ನು ಯಾರೂ ಹಿಂದಿರುಗಿ ನೋಡುವ ಪದ್ಧತಿಯಿಲ್ಲ, ಅಷ್ಟು ಚೊಕ್ಕಟ.

ತಮ್ಮ ಕುಕ್ಕರಿನ ಚಿತ್ರ ನೋಡಿದ ಮಲ್ಲಿಗಮ್ಮ, "ಇದೇನು ಮಾ ದೊಡ್ಡ ಇಚಾರ, ಮುಯ್ಯಾಳಲ್ಲಿ ಮಾಡ್ಬುಟ್ರೆ ಆಯ್ತದೆ ಬುಡು" ಎಂದಳು. ಆಯಿತು ಎಂದೆವು. ಹನ್ನೆರಡು ಹೆಸರು ನೋಂದಾಯಿಸಿದೆವು, ಮೊದಲ ಕುಕ್ಕರ್ ಯಾರಿಗೆಂದು ಚೀಟಿ ಎತ್ತಿದೆವು, ಚೀಟಿ ಮಲ್ಲಿಗಮ್ಮನದೇ ಬಂತು. ಅಂದಿನಿಂದ ದಿನಕ್ಕೊಬ್ಬಳಂತೆ ಮಧ್ಯಾಹ್ನ ಗಿರೀಶನ ಅಂಗಡಿಯಲ್ಲಿ ಕೂತು, ಹನ್ನೆರಡು ಜನರ ಹೆಸರಿನಲ್ಲೂ ಮೂರು ಗಂಟೆ ಗುಂಡಿ ಒತ್ತಿ, ಮುನ್ನೂರ ಅರವತ್ತು ಕಾಳನ್ನೂ ಮಲ್ಲಿಗಮ್ಮನ ಮಡಿಲಿಗೆ ಹಾಕತೊಡಗಿದೆವು. ಅದು ತುಂಬಿದ ಮೇಲೆ ಎರಡನೆಯವಳು, ಆಮೇಲೆ ಮೂರನೆಯವಳು. ಗಿರೀಶನಿಗೆ ಗಂಟೆಗೆ ಇಪ್ಪತ್ತು ರೂಪಾಯಿ ಎಲ್ಲಿಂದ ತರುವುದು? ಅವನಿಗೂ ಮುಯ್ಯಿ ಒಪ್ಪಿಸಿದೆವು: ಶ್ರಾವಣದಲ್ಲಿ ಅವನ ಮುಕ್ಕಾಲು ಎಕರೆ ಅರಿಸಿನದ ಕಳೆ ನಮ್ಮದು. ನಮ್ಮ ಯಜಮಾನರು ಮಾತ್ರ, "ಗುಂಡ್ಲುಪೇಟೆ ಪಾತ್ರೆ ಅಂಗ್ಡೀಲಿ ಅದೇ ಕುಕ್ಕರು ಒಂಬೈನೂರು ರೂಪಾಯಿ ಕಣಮ್ಮಿ, ಹನ್ನೆರಡು ಆಳು ಕಳೆ ಕಿತ್ತು ಕುಕ್ಕರು ತರದು ಯಾವ ಸೀಮೆ ಉಳಿತಾಯ" ಎಂದರು. ಉಳಿತಾಯದ ಮರ್ಮ ಗಂಡಸರಿಗೆ ತಿಳಿಯುವುದಿಲ್ಲವೆಂದು ಆಗ ನಾನು ತಮ್ಮ ಪರವಾಗಿ ವಾದಿಸಿದ್ದೆ. ಈಗ ಆ ವಾದವನ್ನು ಅವರು ದಿನಕ್ಕೆರಡು ಸಲ ನನಗೆ ನೆನಪಿಸುತ್ತಾರೆ.

ಐವತ್ತು ದಿನದ ಕೆಲಸ, ಕರೆಂಟಿನ ಕೃಪೆಯಿಂದ ಎಪ್ಪತ್ತೈದು ದಿನ ಹಿಡಿಯಿತು. ಅಷ್ಟರಲ್ಲಿ ನಾವು ಕಲಿತದ್ದೇನು ಕಡಿಮೆಯೇ! ಸಿಂಗಾಪುರಕ್ಕೆ ಮೂರು ರಾತ್ರಿಯ ಪ್ರವಾಸಕ್ಕೆ ಎಷ್ಟೆಂದು ತೆರಕಣಾಂಬಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಏಳೇ ದಿನದಲ್ಲಿ ತೂಕ ಇಳಿಸುವ ಪುಡಿಯನ್ನು ನೋಡಿ ಮಲ್ಲಿಗಮ್ಮ, "ಅಯ್ಯೋ, ಏಳು ದಿನ ಯಾಕವ್ವಾ, ನಮ್ಮೊಲಕ್ಕೆ ಮೂರು ದಿನ ಕಳುಸ್ಲಿ" ಎಂದಳು. ಒಂದು ಮಧ್ಯಾಹ್ನ ನಾನು ಆ ಮೂವತ್ತು ಸೆಕೆಂಡು ವ್ಯರ್ಥವಾಗದಿರಲೆಂದು ಮಡಿಲಲ್ಲಿ ಹುಣಿಸೆಹಣ್ಣಿನ ಮೊರ ಇಟ್ಟುಕೊಂಡು ಬೀಜ ಬಿಡಿಸುತ್ತಿದ್ದೆ. ಮಲ್ಲಿಗಮ್ಮ ಬಂದವಳೇ ಮೊರವನ್ನು ಎತ್ತಿ ಆಚೆಗಿಟ್ಟು, "ನೋಡಕ್ಕೆ ಅಂತ ತಾನೇ ಅವ್ರು ಕೊಡದು? ಅವ್ರ ಕೆಲ್ಸದ ಒತ್ನಲ್ಲಿ ನಿನ್ ಕೆಲ್ಸ ಮಾಡ್ಕೊಂಡ್ರೆ ಅದು ಕಳ್ತನ ಕಣಮ್ಮಿ" ಎಂದಳು. ಅಂದಿನಿಂದ ನಾವು ಬೋಳುತಲೆಯ ಎಣ್ಣೆಯ ಜಾಹೀರಾತನ್ನೂ ರೆಪ್ಪೆ ಬಡಿಯದೆ ಮೂವತ್ತು ಸೆಕೆಂಡು ನೋಡಿದ್ದೇವೆ. ತಮ್ಮ ಜಾಹೀರಾತುಗಳನ್ನು ಇಷ್ಟು ನಿಷ್ಠೆಯಿಂದ ನೋಡಿದವರು ಇಡೀ ಭೂಮಂಡಲದಲ್ಲಿ ಇನ್ನೊಬ್ಬರಿದ್ದರೆ ಅವರ ವಿಳಾಸ ಕೊಡಿ, ಹೋಗಿ ಕಾಲಿಗೆ ಬೀಳುತ್ತೇನೆ.

ಜುಲೈ ತಿಂಗಳಲ್ಲಿ ಹದಿನೆಂಟು ಸಾವಿರ ತುಂಬಿತು. ಕುಕ್ಕರ್ ಕೇಳಿದೆವು. ಮೂರನೆಯ ದಿನ ತಮ್ಮ ಇಂಗ್ಲಿಷ್ ಕಾಗದ ಕಂಪ್ಯೂಟರಿಗೆ ಬಂತು, ಗಿರೀಶ ಅಚ್ಚು ತೆಗೆದು ಆಮೇಲೆ ನನಗೆ ಬಿಡಿಸಿ ಹೇಳಿದ ಸಾರಾಂಶ ಇದು. ಹನ್ನೆರಡು ಖಾತೆಗಳಿಗೂ ಒಂದೇ ಕಂಪ್ಯೂಟರ್, ಒಂದೇ ಪಾಸ್‌ವರ್ಡ್, ಡೇರಿಯ ಒಂದೇ ವಿಳಾಸ, ಹನ್ನೆರಡು ಮಂದಿಯೂ ಜೂನ್ ಒಂದನೇ ತಾರೀಕಿನಂದೇ ಹುಟ್ಟಿದ್ದಾರೆ, ಆದ್ದರಿಂದ ಇದು ಫ್ರಾಡ್, ಖಾತೆಗಳೆಲ್ಲ ರದ್ದು, ಕಾಳೆಲ್ಲ ಮುಟ್ಟುಗೋಲು. ತಮ್ಮ ಪತ್ತೇದಾರಿಕೆಗೆ ತಲೆಬಾಗುತ್ತೇನೆ. ಆದರೆ ಸ್ವಾಮಿ, ನಮ್ಮ ಕಡೆ ಜೂನ್ ಒಂದರಂದು ಹುಟ್ಟದವರು ಯಾರಿದ್ದಾರೆ? ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬರೆದುಕೊಂಡದ್ದೇ ನಮ್ಮ ಜನ್ಮ. ಶಾಲೆಗೆ ಹೋಗದ ಮಲ್ಲಿಗಮ್ಮನಿಗೆ ಗಿರೀಶನೇ ಮೇಷ್ಟ್ರಾಗಿ ಅದೇ ತಾರೀಕನ್ನು ಕರುಣಿಸಿದ. ಕಂಪ್ಯೂಟರ್ ಒಂದೇ ಏಕೆಂದರೆ ಊರಲ್ಲಿರುವುದೇ ಒಂದು. ಪಾಸ್‌ವರ್ಡ್ ಒಂದೇ ಏಕೆಂದರೆ ನಾವು ಹನ್ನೆರಡು ಮಂದಿ ಒಬ್ಬರಿಂದೊಬ್ಬರು ಮುಚ್ಚಿಡುವಂಥದ್ದು ಏನೂ ಇಲ್ಲ.

ಗಿರೀಶ ಒಳ್ಳೆಯವನೇ, ಆದರೆ ಆ ಕಾಗದವನ್ನು ಅಂಗಡಿಯ ತುಂಬ ಜನರಿದ್ದಾಗ ಗಟ್ಟಿಯಾಗಿ ಓದಿಬಿಟ್ಟ. ಉಳಿದ ಇಂಗ್ಲಿಷು ಯಾರಿಗೂ ಅರ್ಥವಾಗಲಿಲ್ಲ. ಫ್ರಾಡ್ ಎಂಬುದು ಮಾತ್ರ ಎಲ್ಲರಿಗೂ ಅರ್ಥವಾಯಿತು. ಕಾಗದದ ತಲೆಯ ಮೇಲಿದ್ದ ಹೆಸರು ಮಲ್ಲಿಗಮ್ಮನದು. ಅವಳು ಸೆರಗು ಹೊದ್ದು ಎದ್ದುಹೋದಳು. ಈ ಸಲ ಮುಯ್ಯಾಳಿನ ಸರದಿ ಗೊತ್ತು ಮಾಡಲು ನಾವೆಲ್ಲ ಅವಳ ಮನೆಗೆ ಹೋದರೆ, "ಕಳ್ಳಿ ಅನ್ನಿಸ್ಕಂಡೋಳು ಯಾವ ಮಕದಲ್ಲಿ ಆಳು ಕರೆಯನ? ನನ್ ಬುಟ್ಬುಡಿ, ನೀವ್ ನೀವೇ ಮಾಡ್ಕಳಿ" ಎಂದು ಬಾಗಿಲು ಹಾಕಿಕೊಂಡಳು. ಹದಿನೈದು ದಿನವಾಯಿತು. ನಾವು ಗಿರೀಶನ ಹೊಲ ಮುಗಿಸಿ ಅವನ ಋಣ ತೀರಿಸಿದ್ದೇವೆ, ಈಗ ನಮ್ಮ ನಮ್ಮ ಹೊಲಗಳಲ್ಲಿದ್ದೇವೆ. ಅವಳು ತನ್ನ ಅರ್ಧ ಎಕರೆಯಲ್ಲಿ ಒಬ್ಬಳೇ ಕೂತು ಕಳೆ ಕೀಳುತ್ತಾಳೆ. ಈ ಕೊನೆಗೆ ಬರುವಷ್ಟರಲ್ಲಿ ಆ ಕೊನೆಯಲ್ಲಿ ಮತ್ತೆ ಹುಲ್ಲು. ಅರಿಸಿನಕ್ಕಿಂತ ಗರಿಕೆ ಎತ್ತರ ಬಂದಿದೆ. ಡೇರಿಗೆ ಹಾಲು ತರುವಾಗ ನನ್ನ ಮುಖ ನೋಡುವುದಿಲ್ಲ. ಅಳತೆಯ ಲೀಟರು ಹಿಡಿದ ನಾನೂ ತಲೆಯೆತ್ತದೆ ಅಳೆದು ಹಾಕುತ್ತೇನೆ, ಏಕೆಂದರೆ ತಮ್ಮ ಹೆಸರನ್ನು ಅವಳಿಗೆ ಹೇಳಿದವಳು ನಾನೇ.

ತಮ್ಮ ಮೇಲೆ ದಾವೆ ಹೂಡಬಹುದೇ ಎಂದು ಚಾಮರಾಜನಗರದಲ್ಲಿ ವಕೀಲರಾಗಿರುವ ನಮ್ಮ ದೂರದ ನೆಂಟ ಸೋಮಯ್ಯನವರನ್ನೂ ಕೇಳಿ ಬಂದೆ. "ಮೊದ್ಲು ಅವ್ರು ಯಾವೂರೋರು ಏಳವ್ವ" ಎಂದರು. ಗೊತ್ತಿಲ್ಲವೆಂದೆ. "ಅಂಗಾದ್ರೆ ಕಾಫಿ ಕುಡುದು ಓಗು" ಎಂದರು. ಕಾಫಿ ಚೆನ್ನಾಗಿತ್ತು.

ಆದಕಾರಣ ಮಾನ್ಯರಲ್ಲಿ ನನ್ನ ಅರಿಕೆ ಇಷ್ಟೇ. ಕುಕ್ಕರ್ ತಾವೇ ಇಟ್ಟುಕೊಳ್ಳಿ, ಗುಬ್ಬಿಗೆ ಬೇಳೆ ಬೇಯಿಸಿ ಹಾಕಿ. ಹದಿನೆಂಟು ಸಾವಿರ ಕಾಳೂ ಅದರ ಹೊಟ್ಟೆಯಲ್ಲೇ ತಣ್ಣಗಿರಲಿ. ಆ ಒಂದು ಪದವನ್ನು ಮಾತ್ರ ವಾಪಸು ತೆಗೆದುಕೊಂಡು, ಮಲ್ಲಿಗಮ್ಮ ಫ್ರಾಡ್ ಅಲ್ಲ ಎಂದು ದಪ್ಪಕ್ಷರದಲ್ಲಿ ಒಂದು ಸಾಲು ಬರೆದುಕೊಡಿ, ಗಿರೀಶನ ಕೈಯಲ್ಲಿ ಅಂಗಡಿ ತುಂಬಿರುವಾಗಲೇ ಓದಿಸುತ್ತೇನೆ. ಬರೆಯುವ ಮುನ್ನ ವಿಚಾರಣೆ ಆಗಲೇಬೇಕೆಂದಿದ್ದರೆ ಗುಬ್ಬಿಯನ್ನೇ ಕಳಿಸಿಕೊಡಿ. ಅವಳ ಹೊಲದ ಬದುವಿನ ಮೇಲೆ ಒಂದು ದಿನ ಕೂತು ನೋಡಲಿ, ಅವಳು ಕಳ್ಳಿಯೋ ಅಲ್ಲವೋ ಎಂದು ಹಾರಿಹೋಗಿ ತಮಗೆ ವರದಿ ಒಪ್ಪಿಸಲಿ. ಹಕ್ಕಿಗೆ ಕಾಳಿನ ವ್ಯವಸ್ಥೆ ನನ್ನದು, ಅಸಲಿ ರಾಗಿ, ಒತ್ತುವ ಗುಂಡಿಯಿಲ್ಲ.

ಉತ್ತರ ಬರೆಯುವ ಅಭ್ಯಾಸ ತಮಗಿಲ್ಲವೆಂದು ಬಲ್ಲೆನಾದರೂ ಎದುರು ನೋಡುತ್ತಿರುವ,

ತಮ್ಮ ವಿಶ್ವಾಸಿ, ತಮಗೆ ಮಾತ್ರ ವಿಶ್ವಾಸವಿಲ್ಲದ,
ಸುಧಾಮಣಿ
(ಜನನ: ಜೂನ್ 1)

ಮರೆತ ಮಾತು: ಈ ಪತ್ರ ಬರೆದು ಮುಗಿಸುವಷ್ಟರಲ್ಲಿ ಕರೆಂಟ್ ಹೋಗಿ ಎರಡು ದಿನ ಬರಲಿಲ್ಲ. ಕಳಿಸಲಾಗದೆ ಕೂತವಳಿಗೆ ತಮ್ಮ ಕಾಗದವನ್ನು ಇನ್ನೊಮ್ಮೆ ಓದುವ ಬುದ್ಧಿ ಬಂತು. ತಾವು ಫ್ರಾಡ್ ಎಂದಿರುವುದು ಹನ್ನೆರಡು ಖಾತೆಗಳಿಗೂ ಎಂದು ಮೇಲೆ ನಾನೇ ಬರೆದಿದ್ದರೂ ಅದರ ಅರ್ಥ ಹೊಳೆದದ್ದು ಈಗ! ತಲೆಯ ಮೇಲೆ ಒಬ್ಬಳ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ ನಮ್ಮೆಲ್ಲರದೂ. ಇವತ್ತು ಬೆಳಿಗ್ಗೆ ಹಾಲು ಅಳೆದು ಮುಗಿಸಿದವಳೇ ಹತ್ತು ಮಂದಿಯನ್ನು ಹೊರಡಿಸಿಕೊಂಡು ಮಲ್ಲಿಗಮ್ಮನ ಹೊಲಕ್ಕೆ ಇಳಿದೆ. "ಯಾರು ಕರುದ್ರು ನಿಮ್ಮ?" ಎಂದು ಕುಡುಗೋಲು ಹಿಡಿದೇ ಎದ್ದು ನಿಂತಳು. "ನಾವೂ ಫ್ರಾಡೇ ಕಣಕ್ಕ, ಕಾಗದದಲ್ಲಿ ಬರ್ದವ್ರೆ. ಕಳ್ಳರ ಹೊಲಕ್ಕೆ ಕಳ್ಳರು ಬರ್ದೆ ಇನ್ಯಾರು ಬಂದಾರು?" ಎಂದೆ. ನನ್ನ ಕೈಯಲ್ಲಿದ್ದ ಕಾಗದವನ್ನು ತಿರುಗಾಮುರುಗಾ ಹಿಡಿದು ನೋಡಿ, ಹನ್ನೆರಡು ಸಾಲು ಹೆಸರನ್ನು ಬೆರಳಿಟ್ಟು ಎಣಿಸಿದಳು. ಆಮೇಲೆ ನಗಲು ಶುರುಮಾಡಿದವಳು ಕಣ್ಣೀರು ಬರುವವರೆಗೂ ನಕ್ಕು, ಹೋಗಿ ಮೊದಲ ಸಾಲಿನಲ್ಲಿ ಕೂತಳು. ಸಂಜೆಯೊಳಗೆ ಅರ್ಧ ಎಕರೆ ಚೊಕ್ಕಟವಾಯಿತು. ಆದ್ದರಿಂದ ಆ ಪದವನ್ನು ವಾಪಸು ಕೊಡಲು ನಮಗೀಗ ಮನಸ್ಸಿಲ್ಲ, ತುಂಬ ಉಪಯೋಗಕ್ಕೆ ಬಂತು.

ಆದರೆ ಮುಯ್ಯಿ ರದ್ದಾಗುವುದಿಲ್ಲ. ಹದಿನೆಂಟು ಸಾವಿರ ಸಲ ನಾವು ತಮ್ಮ ಕೆಲಸಕ್ಕೆ ಬಂದಿದ್ದೇವೆ, ತಾವು ಒಂದು ಸಲವೂ ನಮ್ಮದಕ್ಕೆ ಬಂದಿಲ್ಲ. ಮಲ್ಲಿಗಮ್ಮನ ಅಪ್ಪಣೆಯಂತೆ ಕೊನೆಯ ಒಂದು ಸಾಲನ್ನು ಕೀಳದೆ ತಮಗಾಗಿ ಬಿಟ್ಟಿದ್ದೇವೆ. ಗುರುತಿಗೆ ಕೋಲು ನೆಟ್ಟು ಹಳದಿ ಬಟ್ಟೆ ಕಟ್ಟಿದೆ. ಕುಡುಗೋಲು ತಾವೇ ತರಬೇಕು, ಮಧ್ಯಾಹ್ನದ ಮುದ್ದೆ ನಮ್ಮದು. ಒಂದೊಂದು ಹುಲ್ಲನ್ನೂ ಮೂವತ್ತು ಸೆಕೆಂಡು ನೋಡಿಯೇ ಕೀಳಬೇಕು, ಒಬ್ಬರಿಗೆ ದಿನಕ್ಕೆ ಮೂವತ್ತೇ ಹುಲ್ಲು. ಮತ್ತು ದಯವಿಟ್ಟು ಎಲ್ಲರೂ ಒಂದೇ ಬಸ್ಸಿನಲ್ಲಿ ಬಂದಿಳಿಯಬೇಡಿ, ಹಾಗೆ ಬಂದವರನ್ನು ಏನೆಂದು ಕರೆಯಬೇಕೆಂದು ಇಡೀ ತೆರಕಣಾಂಬಿಗೆ ತಾವೇ ಕಲಿಸಿದ್ದೀರಿ.