ಹೊಡೆದುಹಾಕಿದ ‘ಒಳ್ಳೆ’

ತಪ್ಪು ಹುಡುಕುವುದೂ ಒಂದು ಚಟ, ಬಿಟ್ಟೆನೆಂದರೂ ಬಿಡುವುದಿಲ್ಲ. ಬಂಟ್ವಾಳದ ಸಣ್ಣ ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಬೇರೆಯವರ ವರದಿ ತಿದ್ದಿದ ನನಗೆ ಮದುವೆ ಕಾಗದ ಕೊಟ್ಟರೂ ಮೊದಲು ಕಾಣುವುದು ವಧುವಿನ ಹೆಸರಲ್ಲ, ಅದರಲ್ಲಿ ತಪ್ಪಿದ ಒತ್ತಕ್ಷರ. ಚಾರಿತ್ರಿಕ ಸಿನೆಮಾಗಳಂತೂ ನನಗೆ ಹಬ್ಬ. ಐನೂರು ವರ್ಷ ಹಿಂದಿನ ಸೈನಿಕನ ತೋಳಿನಲ್ಲಿ ಚುಚ್ಚುಮದ್ದಿನ ಗುರುತು ಕಂಡರೆ ಪಕ್ಕದವರಿಗೆ ಹೇಳದೆ ಇರಲಾರೆ. ಹಾಗಾಗಿ ಹೆಂಡತಿ ನನ್ನೊಂದಿಗೆ ಸಿನೆಮಾಕ್ಕೆ ಬರುವುದನ್ನೇ ಬಿಟ್ಟಿದ್ದಳು.

ಈ ಸಲ ಬಂದಳು. ಅವಳ ಅಣ್ಣ, ನರಿಕೊಂಬಿನ ಸಂಜೀವ ಭಾವ, ಪರದೆಯ ಮೇಲಿದ್ದರು. ಪರಂಗಿಗಳನ್ನು, ಅಂದರೆ ಪೋರ್ಚುಗೀಸರನ್ನು, ಎದುರಿಸಿದ ರಾಣಿಯೊಬ್ಬಳ ಕಥೆ. ಭಾವನದು ಮಾತಿಲ್ಲದ ಪಾತ್ರ, ಹರಿವಾಣ ಹಿಡಿದು ನಿಲ್ಲುವುದು. ಒಂದು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದರು.

“ಅಣ್ಣನ ಸಿನೆಮಾದಲ್ಲಿ ತಪ್ಪುಗಿಪ್ಪು ಅಂತ ಬಾಯಿ ಬಿಟ್ಟರೆ ಉಂಟಲ್ಲ!” ಎಂದು ಹೆಂಡತಿ ಮೂಡುಬಿದಿರೆಯ ಟಾಕೀಸಿನ ಮೆಟ್ಟಿಲಲ್ಲೇ ಎಚ್ಚರಿಸಿದಳು.

ಪರಂಗಿ ಕಪ್ತಾನ ಬಂದು ಮೆಣಸು ಕೊಡು ಎನ್ನುತ್ತಾನೆ. ಭಾವ ಹರಿವಾಣ ತರುತ್ತಾರೆ. ಅದರ ತುಂಬ ಕೆಂಪು ಮೆಣಸಿನಕಾಯಿ! ರಾಣಿ ಒಂದು ಮುಷ್ಟಿ ಎತ್ತಿ, “ಇದು ನಮ್ಮ ಮಣ್ಣಿನ ಬೆಳೆ, ನಿನಗಿಲ್ಲ” ಎಂದು ಅವನ ಮುಖಕ್ಕೆ ಎಸೆಯುತ್ತಾಳೆ. ನಾನು ಕುರ್ಚಿಯ ಕೈ ಗಟ್ಟಿ ಹಿಡಿದೆ. ಮೆಣಸಿನಕಾಯಿಯನ್ನು ಈ ಕರಾವಳಿಗೆ ತಂದವರೇ ಪರಂಗಿಗಳು. ಅವರು ಹುಡುಕಿಕೊಂಡು ಬಂದದ್ದು ಕಪ್ಪು ಕಾಳುಮೆಣಸನ್ನು. ಹೊಸದಾಗಿ ಬಂದ ಕೆಂಪು ಕಾಯಿ ನಮ್ಮಲ್ಲಿ ಮೆಣಸೆಂಬ ಹೆಸರನ್ನೇ ಕಸಿದುಕೊಂಡಿತು. ಕಪ್ಪು ಕಾಳಿಗೆ ‘ಒಳ್ಳೆ ಮೆಣಸು’ ಎಂಬ ಸಮಾಧಾನ ಉಳಿಯಿತು. ರಾಣಿ ಕಪ್ತಾನನ ಸಾಮಾನನ್ನೇ ಅವನಿಗೆ ಕೊಡುವುದಿಲ್ಲ ಎನ್ನುತ್ತಿದ್ದಳು!

ಹೇಳಲೆಂದು ತಿರುಗಿದೆ. ಹೆಂಡತಿ ಅಳುತ್ತಿದ್ದಳು. ಇಡೀ ಟಾಕೀಸು ಎದ್ದು ನಿಂತಿತ್ತು. ದಾಖಲಿಸಲೇಬೇಕಾದ ಇನ್ನೊಂದು ಸಂಗತಿ: ನನ್ನ ಕಣ್ಣೂ ಒದ್ದೆಯಾಗಿತ್ತು. ತಪ್ಪೆಂದು ಖಚಿತವಾಗಿ ಬಲ್ಲವನನ್ನೂ ಎಬ್ಬಿಸಿ ನಿಲ್ಲಿಸುವ ತಪ್ಪನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಎಂಟು ದಿನ ಕಳೆದು ಬೆಳ್ತಂಗಡಿಗೆ ಹೋದಾಗ ಲಾಯಿಲದ ಹೋಟೆಲಿನಲ್ಲಿ ಹಿರಿಯರೊಬ್ಬರು ಹೇಳಿದರು: “ರಾಣಿ ಮೆಣಸು ಬಿಸಾಡಿದ ಕಥೆ ನಮ್ಮ ಅಜ್ಜಿ ಹೇಳ್ತಿದ್ದರು ಮಾರಾಯ್ರೇ. ಕಪ್ತಾನನ ಒಂದು ಕಣ್ಣೇ ಹೋಯಿತಂತೆ!”

ಸಿನೆಮಾದಲ್ಲಿ ಕಣ್ಣು ಹೋಗಿರಲಿಲ್ಲ. ಎಂಟೇ ದಿನದಲ್ಲಿ ತಪ್ಪು ಹಿಂದಕ್ಕೆ ನಡೆದು, ತೀರಿಹೋದ ಅಜ್ಜಿಯ ಬಾಯಿಗೆ ತಲುಪಿ, ಅಲ್ಲಿ ಇನ್ನಷ್ಟು ಬೆಳೆದಿತ್ತು. ನಾವು ಮುದ್ರಿಸಿದ ನಿಜಗಳು ಮರುದಿನ ಮೀನು ಕಟ್ಟುವುದಕ್ಕಿಂತ ಆಚೆ ಹೋದದ್ದಿಲ್ಲ. ಬೆರಗಾದೆ. ಹೆದರಿಯೂ ಹೆದರಿದೆ. ಪತ್ರಿಕೆಯಲ್ಲಿ ಬರೆಯಲೇಬೇಕು ಎನಿಸಿತು.

ಭಾವನಿಗೆ ಮೊದಲು ಹೇಳುವುದು ಮರ್ಯಾದೆ. ನರಿಕೊಂಬಿಗೆ ಹೋಗಿ ಎಲ್ಲ ವಿವರಿಸಿದೆ. ಅವರ ಮುಖ ಇಳಿಯಿತು.

“ಪೇಪರಿನಲ್ಲಿ ಹಾಕ್ತೀರಾ ಭಾವ? ಪೇಟೆಯಲ್ಲಿ ಜನ ನಿಲ್ಲಿಸಿ ಫೋಟೊ ತೆಗೀತಾರೆ. ಇನ್ನು ನೆಗಾಡ್ತಾರೆ.”

“ನಿಮ್ಮ ತಪ್ಪಲ್ಲವಲ್ಲ.”

“ನನ್ನದೇ. ಹರಿವಾಣದ ಮೆಣಸು ನಮ್ಮ ಮನೆಯದ್ದು. ಪರಂಗಿಗಳು ಕೇಳಿದ್ದು ಏನಂತ ತಿಳಿದವರ ಹತ್ತಿರ ಕೇಳಿ, ಅದನ್ನೇ ತನ್ನಿ ಅಂದರು ಡೈರೆಕ್ಟರು. ನಾನು ನಿಮ್ಮ ಆಫೀಸಿಗೆ ಬಂದೆ. ಪುಟ ಮುಗಿಸುವ ಗಡಿಬಿಡಿಯಲ್ಲಿ ಚೀಟಿ ಬರೆದು ಕೊಟ್ಟಿರಿ, ನೆನಪಿಲ್ವಾ?”

ಪರ್ಸಿನಿಂದ ಚೀಟಿ ತೆಗೆದರು, ನೆನಪಿಗೆಂದು ಇಟ್ಟುಕೊಂಡಿದ್ದರಂತೆ. ನನ್ನದೇ ಅಕ್ಷರ: ‘ಒಳ್ಳೆ ಮೆಣಸು’. ‘ಒಳ್ಳೆ’ಯ ಮೇಲೆ ನನ್ನದೇ ಕೆಂಪು ಗೆರೆ. ವರದಿಯಲ್ಲಿ ಒಳ್ಳೆ, ಭವ್ಯ, ಅದ್ದೂರಿ ಎಂಬ ಶಬ್ದ ಕಂಡಲ್ಲಿ ಹೊಡೆದುಹಾಕುವುದು ನನ್ನ ಶಿಸ್ತು.

“ನಿಮ್ಮಷ್ಟು ತಿಳಿದವರೇ ಹೊಡೆದುಹಾಕಿದ ಮೇಲೆ ನಾನು ಹೇಗೆ ತರುವುದು ಭಾವ?”

ಮನೆಗೆ ಬಂದು ಲೇಖನ ಬರೆದೆ. ಭಾವನ ಹೆಸರಿಲ್ಲ, ನನ್ನದು ಉಂಟು. ಕಳುಹಿಸುವ ಮೊದಲು ಎಂದಿನಂತೆ ಕೆಂಪು ಪೆನ್ನು ಹಿಡಿದು ಒಮ್ಮೆ ತಿದ್ದಿದೆ. ಹೆಂಡತಿ ಓದಿ ನೋಡಿ, ಎರಡು ಕಡೆ ಬೆರಳಿಟ್ಟಳು. ಎರಡೂ ಕಡೆ ‘ಒಳ್ಳೆ’ ಹೋಗಿತ್ತು.